ಹುಣಸೆಬೀಜದ ದಿನ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಬರೆದರೆ ಚಿಕ್ಕೋಡಿಯ ಕಡೆಯವರಿಗೆ ಗುರುತು ಸಿಗುತ್ತದೆ, ಗುರುತು ಸಿಕ್ಕರೆ ಅವರ ಹಿಂದಿನ ಬಾಗಿಲಿನಿಂದ ಯಾರು ಯಾರು ಬಂದು ಹೋಗುತ್ತಿದ್ದರು ಎಂಬ ಮಾತು ಏಳುತ್ತದೆ, ಆ ಮಾತು ಸುತ್ತಿ ಸುತ್ತಿ ನಿಪ್ಪಾಣಿಯಲ್ಲಿ ಸಂಸಾರ ಮಾಡಿಕೊಂಡಿರುವ ನನ್ನ ಮಗಳ ಅಂಗಳಕ್ಕೆ ಬಂದು ನಿಲ್ಲುತ್ತದೆ. ಮಗಳ ಹೆಸರನ್ನೂ ಬದಲಾಯಿಸಿ ಶೈಲಾ ಎಂದು ಕರೆಯುತ್ತೇನೆ, ಊರು ಓಣಿಗಳನ್ನೂ ಅಲ್ಲಲ್ಲಿ ಅದಲುಬದಲು ಮಾಡಿದ್ದೇನೆ. ಇಷ್ಟು ಹೆದರುವವಳು ಯಾಕೆ ಬರೆಯಬೇಕು ಎಂದು ಕೇಳಿದರೆ, ಬರೆಯದೆ ಇದ್ದರೆ ನನಗೆ ಊಟ ಸೇರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅವರು ಹೋದ ಸುದ್ದಿ ನನಗೆ ಗೊತ್ತಾದದ್ದು ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ, ಅದೂ ಹದಿನೈದು ದಿನ ತಡವಾಗಿ. ಕರೋಶಿಯ ಬಸ್ಸಿಗೆ ಕಾಯುತ್ತ ಬಾಳೆಹಣ್ಣು ಕೊಳ್ಳುತ್ತಿದ್ದೆ. ಹಣ್ಣಿನವಳು ಎಷ್ಟೋ ವರ್ಷಗಳಿಂದ ಅಲ್ಲೇ ಕೂತವಳು. ಊರಲ್ಲಿ ಯಾರಿಗೆ ಏನಾಯಿತೆಂದು ಅವಳಿಗೆ ತಿಳಿಯದೆ ಇರುವುದಿಲ್ಲ.

“ಆ ಲ್ಯಾಬಿನವ್ರು ಹೋದ್ರಲ್ರಿ ಬಾಯಾರ,” ಎಂದಳು ಹಣ್ಣು ಮುರಿದುಕೊಡುತ್ತ. “ಎರಡ ದಿನಾ ಬಾಗಲಾ ತಗೀಲಿಲ್ಲಂತ. ಮಾಲಕರು ಕದಾ ಒಡದ ನೋಡ್ಯಾರ, ಕುರ್ಚಿಮ್ಯಾಲ ಕುಂತಲ್ಲೇ ಹೋಗಿದ್ರಂತ.”

“ಮಣ್ಣಿಗೆ ಯಾರ್ ಬಂದಿದ್ರು?”

“ಯಾರ್ ಬರಬೇಕ್ರಿ? ಗಿರಣಿಯವ್ರು, ಮಾಲಕರು, ಎಂಟ-ಹತ್ತ ಮಂದಿ. ಅವರಿಗೆ ಯಾರ್ ಅದಾರ?”

ಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಸುಮ್ಮನೆ ನಿಂತೆ. ಅವರಿಗೆ ಯಾರಿದ್ದರೆಂದು ನನಗೆ ಗೊತ್ತಿತ್ತು. ರಾಯಬಾಗ, ಹಾರೂಗೇರಿ, ಅಥಣಿ, ಕಾಗವಾಡದ ತನಕ ಎಷ್ಟೋ ಮನೆಗಳಲ್ಲಿ ಇದ್ದರು. ಹಣ್ಣಿನವಳಿಗೆ ಮಾತ್ರ ಹೇಳಲಿಲ್ಲ.

ಅವರದು ಒಂದೇ ಕೋಣೆಯ ಲ್ಯಾಬು. ಬಸ್‌ಸ್ಟ್ಯಾಂಡಿನಿಂದ ಎರಡು ಓಣಿ ಆಚೆ, ಹಿಟ್ಟಿನ ಗಿರಣಿಯ ಪಕ್ಕಕ್ಕೆ. ಬೋರ್ಡಿನ ಮೇಲೆ ‘ರಕ್ತ, ಮೂತ್ರ ತಪಾಸಣೆ’ ಎಂದು ಬಿಟ್ಟರೆ ಬೇರೇನೂ ಇರಲಿಲ್ಲ. ಒಳಗೊಂದು ಮೇಜು, ಕಿಟಕಿಯ ಪಕ್ಕದಲ್ಲಿ ಗಾಜಿನ ನಳಿಗೆಗಳ ಕಟ್ಟಿಗೆ ಸ್ಟ್ಯಾಂಡು, ಅದರ ಹಿಂದೆ ಪರದೆ, ಪರದೆಯ ಹಿಂದೆ ಅವರ ಮಂಚ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಬಿಳಿ ಪೈಜಾಮ, ಬಿಳಿ ಅಂಗಿ. ಬೆರಳುಗಳಿಗೆ ಸದಾ ಸ್ಪಿರಿಟ್ಟಿನ ವಾಸನೆ. ಯಾರೇ ಬಂದರೂ ತಲೆ ಎತ್ತದೆ “ಬರ್ರಿ” ಎನ್ನುವರು, ಯಾಕೆಂದರೆ ಆ ಹೊತ್ತಿಗೆ ಒಂದು ಕಣ್ಣು ಮುಚ್ಚಿಕೊಂಡು ನಳಿಗೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿರುತ್ತಿದ್ದರು. ಬಂದದ್ದು ಮಗುವಾಗಿದ್ದರೆ ಮಾತ್ರ ನಳಿಗೆ ಕೆಳಗಿಟ್ಟು ಎದ್ದು ನಿಲ್ಲುವರು. ತಹಸೀಲ್ದಾರರಿಗೆ ಏಳದ ಮನುಷ್ಯ ನಾಲ್ಕು ವರ್ಷದ ಕೂಸಿಗೆ ಏಳುತ್ತಿದ್ದರು.

ಶೈಲಾಗೆ ಆಗ ನಾಲ್ಕು ತುಂಬಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕರೋಶಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಎಲ್ಲರ ಬಾಯಲ್ಲಿ ‘ಬಾಯಾರು’. ನಮ್ಮನೆಯವರು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕಾರಕೂನರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ನಾನು, ಮಗಳು. ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ರೆಪ್ಪೆ ಊದಿರುತ್ತಿತ್ತು, ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಏನೋ ಹುಳ ಕಡಿದಿರಬೇಕು ಎಂದೆವು. ಹದಿನೈದು ದಿನಕ್ಕೆ ಕಾಲು ಊದಿದವು, ಹೊಟ್ಟೆ ಉಬ್ಬಿತು, ಲಂಗದ ಲಾಡಿ ಸೊಂಟದ ಸುತ್ತ ಗೆರೆ ಕೊರೆಯಿತು. ಹೊಟ್ಟೆಗೆ ಚುಟಿಗೆ ಹಾಕಿಸಿದರೆ ಬಾವು ಇಳಿಯುತ್ತದೆ ಎಂದರು ಅತ್ತೆ. ಕಾದ ಕಬ್ಬಿಣ ಮಗುವಿನ ಹೊಟ್ಟೆಗೆ ಇಡುವುದಕ್ಕೆ ನಾನು ಒಪ್ಪದೆ, ಅವಳನ್ನು ಎತ್ತಿಕೊಂಡು ಮೀರಜ್‌ಗೆ ಹೋದೆ.

ಮೀರಜ್‌ನ ಮಕ್ಕಳ ಡಾಕ್ಟರು ಮರಾಠಿಯಲ್ಲಿ ಹೇಳಿದರು, ನನಗೆ ಅರ್ಧ ತಿಳಿಯಿತು. ಮೂತ್ರಪಿಂಡದ ಕಾಯಿಲೆ. ಸಣ್ಣ ಬಿಳಿ ಗುಳಿಗೆ, ಸ್ಟಿರಾಯ್ಡ್ ಅಂತೆ. ಮೊದಲು ದಿನಾಲೂ, ಆಮೇಲೆ ದಿನ ಬಿಟ್ಟು ದಿನ. ಉಪ್ಪು ಬಂದ್. ಮೂತ್ರವನ್ನು ಮಾತ್ರ ತಪ್ಪದೆ ನೋಡುತ್ತಿರಬೇಕು. ಅದಕ್ಕೆ ಇಷ್ಟು ದೂರ ಬರಬೇಡಿ, ಚಿಕ್ಕೋಡಿಯಲ್ಲಿ ಒಬ್ಬರಿದ್ದಾರೆ ಎಂದು ಚೀಟಿಯ ಹಿಂದೆ ವಿಳಾಸ ಬರೆದುಕೊಟ್ಟರು.

ತಿಳಿಯದೆ ಉಳಿದ ಅರ್ಧವನ್ನು ನನಗೆ ತಿಳಿಸಿದವರು ಇವರು. ಶೈಲಾಳನ್ನು ಕುರ್ಚಿಯ ಮೇಲೆ ಕೂರಿಸಿ, ತಾವು ನಿಂತೇ ಹೇಳಿದರು.

“ಚಾ ಸೋಸೂ ಗಾಳಣಿ ಇರತೈತಲ್ರಿ ಬಾಯಾರ, ಅದರ ತೂತು ದೊಡ್ಡು ಆದ್ರ ಏನಾಕ್ಕೈತಿ? ಪುಡೀನೂ ಕೆಳಗ ಇಳೀತೈತಿ. ಈ ಕೂಸಿನ ಮೈಯಾಗ ಹಂಗ ಆಗೈತಿ. ಮೈಯಾಗ ಉಳೀಬೇಕಾದ ಸತ್ವ ಉಚ್ಚಿ ಕೂಡ ಹೊಂಟೈತಿ. ಈ ಗುಳಿಗಿ ಆ ತೂತು ಸಣ್ಣು ಮಾಡತೈತಿ.”

“ಪೂರಾ ಆರಾಮ ಆಗತಾಳ್ರಿ?”

“ಬಾವು ಇಳೀತೈತಿ. ಮತ್ತ ಬರತೈತಿ, ಮತ್ತ ಇಳೀತೈತಿ. ಬೆಳದಂಗ ಬೆಳದಂಗ ಭಾಳ ಮಕ್ಕಳಿಗೆ ತಾನ ಬಿಟ್ಟ ಹೋಕ್ಕೈತಿ. ಅಲ್ಲೀತನಾ ನಾವು ಬಿಡಬಾರದು, ಅಷ್ಟ.”

ಆ ದಿನವೇ ನನ್ನ ಕೈಗೊಂದು ಗಾಜಿನ ನಳಿಗೆ, ಮಸಿಬಾಟಲಿಗೆ ಬತ್ತಿ ಹಾಕಿ ಮಾಡಿದ ಸ್ಪಿರಿಟ್ ದೀಪ ಕೊಟ್ಟರು. ಅಂಥ ದೀಪಗಳನ್ನು ಬಿಡುವಿನ ವೇಳೆಯಲ್ಲಿ ತಾವೇ ಮಾಡಿ ಕಪಾಟಿನಲ್ಲಿ ಸಾಲಾಗಿ ಇಟ್ಟಿರುತ್ತಿದ್ದರು. ಬೆಳಗಿನ ಮೊದಲ ಮೂತ್ರವನ್ನು ನಳಿಗೆಯಲ್ಲಿ ಹಿಡಿದು, ಮೇಲಿನ ಭಾಗವನ್ನಷ್ಟೇ ದೀಪಕ್ಕೆ ಹಿಡಿದು ಕುದಿಸಬೇಕು. ಬಿಳುಪೇರಿದರೆ ಎರಡು ಹನಿ ವಿನೆಗರ್ ಹಾಕಿ ನೋಡಬೇಕು. ಬಿಳುಪು ಕರಗದೆ ನಿಂತರೆ ಸತ್ವ ಸೋರುತ್ತಿದೆ ಎಂದರ್ಥ. ಇಂಥದ್ದಕ್ಕೆಲ್ಲ ಡಾಕ್ಟರುಗಳು ಒಂದು ಪ್ಲಸ್, ಎರಡು ಪ್ಲಸ್ ಎಂದು ಬರೆಯುತ್ತಾರೆ. ಇವರ ಲೆಕ್ಕ ಬೇರೆ. ತಿಳಿಯಾಗಿದ್ದರೆ ‘ನೀರು’, ಮಸುಕಾದರೆ ‘ಮಜ್ಜಿಗಿ’, ಒಡೆದು ಗಟ್ಟಿಯಾದರೆ ‘ಮೊಸರು’. ಮೂರು ದಿನ ಸಾಲಾಗಿ ನೀರು ಬಂದರೆ ನಾವು ಗೆದ್ದೆವು. ಮೂರು ದಿನ ಸಾಲಾಗಿ ಮೊಸರು ಬಂದರೆ ಮತ್ತೆ ಮೊದಲಿನಿಂದ ದಿನಾಲೂ ಗುಳಿಗೆ. ಹಿತ್ತಿಲಲ್ಲಿ ಕೂತು ನಾನು ಆ ನಳಿಗೆ ಕುದಿಸುವುದನ್ನು ನೋಡಿ ಅತ್ತೆ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ತಿಂಗಳು ಕಳೆದ ಮೇಲೆ ಅವರೇ ಬಾಗಿಲಲ್ಲಿ ನಿಂತು “ನೀರೋ ಮಜ್ಜಿಗಿಯೋ?” ಎಂದು ಕೂಗಿ ಕೇಳತೊಡಗಿದರು.

ಗುಳಿಗೆ ಕೆಲಸ ಮಾಡಿತು. ಬಾವು ಇಳಿಯಿತು. ಅದರ ಹಿಂದೆಯೇ ಹಸಿವು ಬಂತು. ಆ ಮಗು ನನ್ನಷ್ಟು ರೊಟ್ಟಿ ತಿಂದು ಇನ್ನೊಂದಕ್ಕೆ ಅಳುತ್ತಿತ್ತು. ಮುಖ ಉಂಡೆಯಂತೆ ದುಂಡಗಾಯಿತು, ಕೆನ್ನೆಯ ಮೇಲೆ ಸಣ್ಣ ಕೂದಲು ಬಂದವು. ಬಾವು ಮತ್ತೆ ಬಂತೆಂದು ನಾನು ನಳಿಗೆಯನ್ನೂ ಮುಟ್ಟದೆ ಅಳುತ್ತ ಚಿಕ್ಕೋಡಿಗೆ ಓಡಿದೆ. ಅವರು ಶೈಲಾಳ ಕೆನ್ನೆಯನ್ನು ನೋಡಲೇ ಇಲ್ಲ.

“ಮಾರಿ ನೋಡಬ್ಯಾಡ್ರಿ ಬಾಯಾರ, ನಳಗಿ ನೋಡ್ರಿ,” ಎಂದರು. “ಮಾರಿ ಸುಳ್ಳು ಹೇಳತೈತಿ.”

ಅದು ಅವರ ಖಾಯಂ ಮಾತು. ಆ ಗುಳಿಗೆ ತಿನ್ನುವ ಮಕ್ಕಳ ಮುಖ ದುಂಡಗಾಗಿ ನೋಡಿದವರಿಗೆ ಪುಷ್ಟಿಯಾಗಿ ಕಾಣುತ್ತದೆ. ನಮ್ಮ ಶಾಲೆಗೆ ಬಂದ ಇನ್‌ಸ್ಪೆಕ್ಟರರು ಶೈಲಾಳ ಗಲ್ಲ ಹಿಂಡಿ, “ಬಾಯಾರ ಮಗಳು ಚಲೋ ಮೈ ಹಿಡದಾಳ” ಎಂದಾಗ ನಾನು ನಕ್ಕೆ. ಆಗಿನ್ನೂ ನಾನು ಬೇನೆ ಮುಚ್ಚಿಡಲು ನಗುವುದನ್ನು ಕಲಿಯುತ್ತಿದ್ದೆ.

ದಿನ ಬಿಟ್ಟು ದಿನ ಗುಳಿಗೆ ಕೊಡುವ ಹಂತ ಬಂದಾಗ ಅವರೊಂದು ಸರ ಕೊಟ್ಟರು. ಹಳೆಯ ಪೇಪರಿನ ಸಣ್ಣ ಸಣ್ಣ ಪುಡಿಕೆಗಳು, ದಾರಕ್ಕೆ ಕಟ್ಟಿದ್ದವು. ಒಂದರಲ್ಲಿ ಗುಳಿಗೆ, ಮುಂದಿನದರಲ್ಲಿ ಹುಣಸೆಬೀಜ, ಮತ್ತೆ ಗುಳಿಗೆ, ಮತ್ತೆ ಬೀಜ. ದಿನಕ್ಕೊಂದು ಪುಡಿಕೆ ಬಿಚ್ಚಬೇಕು. ಬೆಸ ತಾರೀಖಿಗೆ ಕೊಡಿ ಎಂದರೆ ಮೂವತ್ತೊಂದು ಮುಗಿದು ಒಂದು ಬಂದಾಗ ತಾಯಂದಿರು ಎರಡು ದಿನ ಸಾಲಾಗಿ ಕೊಟ್ಟುಬಿಡುತ್ತಿದ್ದರಂತೆ. ಖಾಲಿ ಪುಡಿಕೆ ಕಟ್ಟಿದರೆ ಗುಳಿಗೆ ಎಲ್ಲೋ ಬಿದ್ದುಹೋಯಿತೆಂದು ಗಾಬರಿಯಾಗುತ್ತಿದ್ದರಂತೆ. ಅದಕ್ಕೆ ಬೀಜ. ನಾನು ಓದಿದವಳು, ನನಗಿದೆಲ್ಲ ಬೇಡ ಎಂದೆ, ತುಸು ಬಿಗುಮಾನದಿಂದಲೇ.

“ನಿಮಗಲ್ರಿ, ಕೂಸಿಗೆ,” ಎಂದರು. “ಒಂದ ದಿನಾ ಕಹಿ, ಒಂದ ದಿನಾ ಆಟಕ್ಕ ಬೀಜ. ಆಶಾ ಇರಬೇಕಲ್ರಿ.”

ಶೈಲಾ ಎದ್ದವಳೇ ಪುಡಿಕೆ ಒತ್ತಿ ನೋಡಿ, “ಇವತ್ತ ಬೀಜದ ದಿನಾ!” ಎಂದು ಅಂಗಳದಲ್ಲಿ ಕುಣಿಯುತ್ತಿದ್ದಳು. ಬೀಜಗಳನ್ನೆಲ್ಲ ಒಂದು ಪೌಡರ್ ಡಬ್ಬಿಯಲ್ಲಿ ಕೂಡಿಟ್ಟು ಅಜ್ಜಿಯ ಜೊತೆ ಚೌಕಾಬಾರ ಆಡುತ್ತಿದ್ದಳು. ಲ್ಯಾಬ್ ಮಾಮಾ ಎಂಬ ಹೆಸರನ್ನು ಅವಳೇ ಇಟ್ಟಳೋ, ಮೊದಲಿಂದ ಇತ್ತೋ ಗೊತ್ತಿಲ್ಲ.

ಒಮ್ಮೆ ಮಧ್ಯಾಹ್ನ ಹೋದಾಗ ಅವರು ಊಟಕ್ಕೆ ಕೂತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಲೆ. ಶೈಲಾ ಹಟ ಮಾಡಿ ಅವರ ತಾಟಿನಿಂದ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡಳು. ಉಪ್ಪಿನ ಪಲ್ಲೆ ಎಂದು ನಾನು ಹೌಹಾರಿದೆ. “ಇರಲಿ ಬಿಡ್ರಿ, ಇದರಾಗ ಉಪ್ಪಿಲ್ಲ,” ಎಂದರು. ಅವರು ಉಪ್ಪು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಅವರಿಗೇನು ಕಾಯಿಲೆ ಎಂದು ಕೇಳಿದೆ. ಕಾಯಿಲೆಯೇನಿಲ್ಲ, ಮಕ್ಕಳಿಗೆ ತಿನ್ನು ಎಂದು ಹೇಳುವವನಿಗೆ ಅದು ಹೇಗಿರುತ್ತದೆಂದು ಗೊತ್ತಿರಬೇಕಲ್ಲ ಎಂದರು. ಬೆಳ್ಳುಳ್ಳಿ, ಹುರಿದ ಜೀರಿಗೆ, ಲಿಂಬೆಹುಳಿ ಹಾಕಿ ಉಪ್ಪಿಲ್ಲದ ಪಲ್ಲೆಯನ್ನು ಬಾಯಿಗೆ ಒಗ್ಗಿಸುವುದನ್ನು ನಾನು ಕಲಿತದ್ದು ಆ ಒಂಟಿ ಗಂಡಸಿನಿಂದ. ಹೆಂಡತಿ ಮಕ್ಕಳ ಬಗ್ಗೆ ಒಮ್ಮೆ ಕೇಳಿದ್ದೆ. ಅಥಣಿಯ ಕಡೆ ಅಣ್ಣನ ಮನೆಯೊಂದಿದೆ ಎಂದಷ್ಟೇ ಹೇಳಿ ನಳಿಗೆ ತೊಳೆಯಲು ಎದ್ದರು. ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ಆ ಹಿಂದಿನ ಬಾಗಿಲು. ನಮ್ಮ ಕಡೆ ಹುಡುಗಿಗೆ ಮೂತ್ರಪಿಂಡದ ಬೇನೆ ಇತ್ತೆಂದು ಒಬ್ಬರಿಗೆ ಗೊತ್ತಾದರೆ ಮುಗಿಯಿತು. ಮುಂದೆ ಅವಳಿಗೆ ಮಕ್ಕಳಾಗುವುದಿಲ್ಲ, ಅವಳನ್ನು ತಂದುಕೊಂಡ ಮನೆ ಆಸ್ಪತ್ರೆ ಅಲೆಯಬೇಕಾಗುತ್ತದೆ ಎಂದು ಬೀಗರಾಗುವವರು ಹೊಸ್ತಿಲಿಂದಲೇ ತಿರುಗುತ್ತಾರೆ. ಅದಕ್ಕೇ ಹೆಣ್ಣುಮಕ್ಕಳ ತಾಯಂದಿರು ಮುಂದಿನ ಬಾಗಿಲಿನಿಂದ ಬರುತ್ತಿರಲಿಲ್ಲ. ಹಿಂದಿನ ಓಣಿ ಗಿರಣಿಯ ಓಣಿ. ಕೈಯಲ್ಲೊಂದು ಹಿಟ್ಟಿನ ಡಬ್ಬಿ ಹಿಡಿದರೆ ಯಾರೂ ಏನೂ ಕೇಳುವುದಿಲ್ಲ. ಆ ಉಪಾಯ ಹೇಳಿಕೊಟ್ಟವರೂ ಅವರೇ. ನಾನೂ ಖಾಲಿ ಡಬ್ಬಿ ಹಿಡಿದು ಕರೋಶಿಯಿಂದ ಚಿಕ್ಕೋಡಿಗೆ ಎಷ್ಟು ಸಲ ಹೋಗಿದ್ದೇನೋ. ಒಳಗೆ ಒಮ್ಮೊಮ್ಮೆ ಇನ್ನೊಬ್ಬ ತಾಯಿ ಇರುತ್ತಿದ್ದಳು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ.

ಒಂಟಿ ಗಂಡಸು, ಹಿಂದಿನ ಬಾಗಿಲು, ಸೆರಗು ಹೊದ್ದ ಹೆಂಗಸರು. ಊರು ಸುಮ್ಮನಿರುತ್ತದೆಯೇ? ಮಾತು ಕರೋಶಿಯ ತನಕ ಬಂತು. ನಮ್ಮ ಹೆಡ್‌ಮಾಸ್ತರರು ಚಹಾ ಕುಡಿಯುತ್ತ, “ಚಿಕ್ಕೋಡಿ ಲ್ಯಾಬಿನಾಂವ ಭಾರಿ ರಸಿಕ ಅದಾನಂತ, ಹಿತ್ತಲ ಬಾಗಲಾ ಬಂದ್ ಆಗೂದ ಇಲ್ಲಂತ,” ಎಂದು ನಕ್ಕರು. ಉಳಿದವರೂ ನಕ್ಕರು. ನಾನು ಹಾಜರಿ ಪುಸ್ತಕ ತೆರೆದು ಹೆಸರುಗಳನ್ನು ಓದುತ್ತ ಕೂತೆ. ಅಂದು ಬಾಯಿ ತೆರೆಯಬೇಕಿತ್ತು. ತೆರೆದಿದ್ದರೆ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಮುಂದಿನ ಸಂತೆಗೆ ಚಿಕ್ಕೋಡಿಗೆ ಹೋದಾಗ ಈ ಮಾತನ್ನು ಅವರ ಕಿವಿಗೆ ಹಾಕಿದೆ. ಅವರು ಸದ್ದಿಲ್ಲದೆ ನಕ್ಕರು.

“ಅನ್ಲಿ ಬಿಡ್ರಿ. ಹಂಗ ಅಂದ್ರ ನಿಮ್ಮ ಮಕ್ಕಳ ಸುದ್ದಿಗೆ ಯಾರೂ ಬರೂದಿಲ್ಲ.”

ಹೀಗೆ ತಮ್ಮ ಹೆಸರನ್ನು ನಮ್ಮ ಬಾಗಿಲಿಗೆ ಅಡ್ಡ ಹಿಡಿದು ಕೂತ ಮನುಷ್ಯ ಅವರು. ಸಂಜೆ ಊರಿನ ಗಂಡಸರು ಕಟ್ಟೆಯ ಮೇಲೆ ಹರಟೆಗೆ ಸೇರಿದಾಗ ಅವರಿಗೆ ಅಲ್ಲಿ ಜಾಗವಿರಲಿಲ್ಲ. ಮದುವೆ ಮುಂಜಿಗೆ ಕರೆಯುವವರೂ ಕಡಿಮೆ. ಕದ ಹಾಕಿಕೊಂಡು ಮಸಿಬಾಟಲಿಗೆ ಬತ್ತಿ ಹೊಸೆಯುತ್ತಿದ್ದರು.

ಶೈಲಾಗೆ ಆರು ನಡೆಯುತ್ತಿದ್ದಾಗ ನಮ್ಮ ಮನೆಗೆ ಅಮ್ಮ ಬಂದಳು. ಮಗುವಿನ ಮೈತುಂಬ ನೀರುಗುಳ್ಳೆ, ಜ್ವರ. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ ನಿಂತಿತು, ತಲೆ ಬಾಚುವುದು ನಿಂತಿತು, ಹೊರಗಿನವರು ಒಳಗೆ ಬರುವುದು, ಒಳಗಿನವರು ಬೇರೆಯವರ ಮನೆಗೆ ಹೋಗುವುದು ನಿಂತಿತು. ಮೈಮೇಲೆ ದೇವಿ ಇರುವಾಗ ಔಷಧ ಕೊಟ್ಟರೆ ಅವಳು ಮುನಿಯುತ್ತಾಳೆಂದು ಗುಳಿಗೆಯ ಸರವನ್ನು ಅತ್ತೆ ಗೂಟಕ್ಕೆ ನೇತುಹಾಕಿದರು. ನಾನು ಬೇಡವೆನ್ನಲಿಲ್ಲ. ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು, ಓದಿದವಳೆಂದು ಬಿಗುಮಾನ ಪಟ್ಟವಳು, ನಾನೂ ಹೆದರಿದೆ. ಅದು ಬೇನೆ ಮರುಕಳಿಸಿ ದಿನಾಲೂ ಗುಳಿಗೆ ನಡೆದ ಕಾಲ, ಸರದಲ್ಲಿ ಒಂದೂ ಬೀಜವಿರಲಿಲ್ಲ. ಎರಡು ದಿನ ಗುಳಿಗೆ ತಪ್ಪಿತು. ಮೂರನೆಯ ದಿನ ಮಗು ವಾಂತಿ ಮಾಡಿ ಸುಸ್ತಾಗಿ ಮಲಗಿತು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು, ಕೈಕಾಲು ತಣ್ಣಗಿದ್ದವು. ದೇವಿಯ ಆಟ ಎಂದರು ಅತ್ತೆ.

ಅಂದು ಚಿಕ್ಕೋಡಿಯ ಸಂತೆ. ನಾನು ಹೋಗುವ ದಿನ. ಹಿಂದಿನ ವಾರ ಓಣಿಯ ಮಕ್ಕಳಿಗೆಲ್ಲ ಅಮ್ಮ ಆಗಿದೆ ಎಂದು ಮಾತಿನ ನಡುವೆ ಅವರಿಗೆ ಹೇಳಿದ್ದೆ. ಹನ್ನೊಂದು ಗಂಟೆಯಾದರೂ ನಾನು ಬರಲಿಲ್ಲವೆಂದು ಅವರು ಲ್ಯಾಬಿಗೆ ಬೀಗ ಹಾಕಿ, ಪೋಸ್ಟ್ ಆಫೀಸಿನಿಂದ ಮೀರಜ್‌ನ ಡಾಕ್ಟರಿಗೆ ಫೋನು ಮಾಡಿ, ಗೊತ್ತಿದ್ದ ಬೆಲ್ಲದ ವ್ಯಾಪಾರಿಯ ಜೀಪು ಕೇಳಿಕೊಂಡು ಬಂದರು. ಬಾಗಿಲ ಬೇವು ಕಂಡು ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತರು.

“ಗುಳಿಗಿ ನಡದಾವಿಲ್ರಿ?” ಎಂದು ನನ್ನನ್ನು ಕೇಳಿದರು.

ನಾನು ಗೂಟದ ಮೇಲಿನ ಸರದ ಕಡೆ ನೋಡಿದೆ. ಉತ್ತರ ಕೊಟ್ಟವರು ಅತ್ತೆ. “ತಾಯಿ ಮೈಮ್ಯಾಲ ಅದಾಳ. ಔಷಧ ಕೊಡೂಹಂಗಿಲ್ಲಪಾ. ನೀನೂ ಒಳಗ ಬರಬ್ಯಾಡ.”

“ಬರೂದಿಲ್ಲಬೇ ಯವ್ವಾ. ನಾ ತಾಯಿಗಿ ಔಷಧ ಕೊಡ್ರಿ ಅನ್ನಾಕತ್ತಿಲ್ಲ. ಕೂಸಿಗೆ ಮಜ್ಜಿಗಿ ಅನ್ನಾ ಉಣಸ್ತೀರಿಲ್ಲೋ?”

“ಉಣಸ್ತೀವಿ. ಉಪಾಸ ಕೆಡವತಾರೇನ?”

“ಇದೂ ಹಂಗರಿ. ಮೈಯಾಗ ಈ ಗುಳಿಗಿಯಂಥಾದ್ದ ಒಂದು ತಾನ ತಯಾರ ಆಗತಿತ್ತು. ನಾವು ಹೊರಗಿಂದ ಕೊಟ್ಟ ಕೊಟ್ಟ ಅದು ಸುಮ್ಮ ಕುಂತೈತಿ. ಈಗ ಒಮ್ಮಿಗೇ ನಿಲ್ಲಿಸಿದ್ರ ಕೂಸಿಗೆ ಒಳಗಿಂದೂ ಇಲ್ಲ, ಹೊರಗಿಂದೂ ಇಲ್ಲ. ತಾಯಿ ಬಂದಾಳಂತ ನೀವು ಕೂಸನ್ನ ಉಪಾಸ ಕೆಡವೀರಿ. ಆಕಿ ಹಂಗ ಮಾಡ ಅಂದಿಲ್ಲ.”

ಅತ್ತೆ ಮಗುವಿನ ಬಳಿ ಹೋಗಿ ಹಣೆ ಮುಟ್ಟಿ ನೋಡಿದರು. ಇವರು ಬಿಸಿಲಲ್ಲಿ ಬರಿಗಾಲಲ್ಲಿ ನಿಂತೇ ಇದ್ದರು. ಕೊನೆಗೆ ಅತ್ತೆಯೇ ಗೂಟದಿಂದ ಸರ ಇಳಿಸಿ, ಒಂದು ಪುಡಿಕೆ ಬಿಚ್ಚಿ, ಗುಳಿಗೆಯನ್ನು ದೇವರ ಮುಂದೆ ಇಟ್ಟು ತೆಗೆದು, ಮಜ್ಜಿಗೆಯಲ್ಲಿ ಅರೆದು ಮಗುವಿನ ನಾಲಿಗೆಗೆ ಹಚ್ಚಿದರು. ಮೀರಜ್‌ಗೆ ಈಗಲೇ ಒಯ್ಯಬೇಕು ಎಂದಾಗ ಮತ್ತೊಂದು ರಗಳೆ, ದೇವಿ ಮೈಮೇಲಿದ್ದ ಕೂಸು ಊರ ಸೀಮೆ ದಾಟಬಾರದು. “ಹಂಗಾದ್ರ ತಾಯಿನ್ನೂ ಕರಕೊಂಡ ಹೋಗೂಣ್ರಿ,” ಎಂದವರೇ ಜೀಪಿನ ತುಂಬ ಬೇವಿನ ಟೊಂಗೆ ಹಾಸಿದರು. ಅತ್ತೆಯೂ ಹತ್ತಿ ಕೂತರು. ಕೃಷ್ಣಾ ಹೊಳೆ ದಾಟುವಾಗ ಅವರು ಡ್ರೈವರನಿಗೆ ಹೇಳಿ ಜೀಪು ನಿಲ್ಲಿಸಿ, ಅತ್ತೆ ನೀರಿಗೆ ಅರಿಸಿನ ಕುಂಕುಮ ಬಿಟ್ಟು ಕೈಮುಗಿಯುವ ತನಕ ಕಾದರು. ಅವಸರ ಮಾಡಲಿಲ್ಲ. ಅವರ ಕೈ ಮಾತ್ರ ಮಗುವಿನ ನಾಡಿಯ ಮೇಲಿತ್ತು. ಕಾಗವಾಡ ದಾಟಿದರೂ ಅದನ್ನು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಸಲಾಯಿನ್ ಏರಿಸಿ, ಸೂಜಿ ಚುಚ್ಚಿ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮಗುವನ್ನು ವಾರ್ಡಿಗೆ ಸೇರಿಸಿದ ಮೇಲೆ ಅವರು ಬಾಗಿಲಿನಿಂದಲೇ ಒಮ್ಮೆ ಇಣುಕಿ, ಯಾರಿಗೂ ಏನೂ ಹೇಳದೆ ಬಸ್ಸು ಹಿಡಿದು ಹೋದರು. ಹನ್ನೆರಡು ದಿನಕ್ಕೆ ನಾವು ಮರಳಿ ಬಂದೆವು. ಶೈಲಾಳ ಹಣೆಯ ಮೇಲೆ ಎರಡು ಕಲೆಗಳು ಉಳಿದವು.

ಹತ್ತು ತುಂಬುವ ಹೊತ್ತಿಗೆ ಬೇನೆ ಬಿಟ್ಟುಹೋಯಿತು. ಸರದಲ್ಲಿ ಗುಳಿಗೆಗಳು ಚೂರಾಗುತ್ತ ಬಂದವು, ಅರ್ಧ, ಕಾಲು. ಕಡೆಯದಾಗಿ ಅವರು ಒಂದು ಸರ ಕೊಟ್ಟರು. ಶೈಲಾ ಒಂದೊಂದೇ ಪುಡಿಕೆ ಒತ್ತಿ ನೋಡಿದಳು. ಎಲ್ಲದರಲ್ಲೂ ಹುಣಸೆಬೀಜ. ಆ ಇಡೀ ಸರದಲ್ಲಿ ಒಂದೂ ಗುಳಿಗೆ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವರು ಕೈ ತೊಳೆದುಕೊಂಡು, ಗಾಳಿಗೆ ಕೈ ಆರಿಸುತ್ತ, ಬೇರೆ ಕಡೆ ನೋಡುತ್ತ ಹೇಳಿದರು.

“ಇನ್ನ ಬರಬ್ಯಾಡ್ರಿ ಬಾಯಾರ. ಹೊರಗ ಎಲ್ಲೆರ ಭೆಟ್ಟಿ ಆದ್ರ ಗುರುತ ಹಿಡೀಬ್ಯಾಡ್ರಿ. ಹೆಣ್ಣುಕೂಸು ಐತಿ.”

ಎಲ್ಲಾದರೂ ಉಂಟೆ ಎಂದೆ ನಾನು. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ನಡುವೆ, ಶೈಲಾಗೆ ಹತ್ತೊಂಬತ್ತಾದಾಗ, ನಿಪ್ಪಾಣಿಯ ಒಂದು ಒಳ್ಳೆಯ ಮನೆತನದಿಂದ ಕೇಳಿಕೊಂಡು ಬಂದರು. ಹುಡುಗನ ತಾಯಿ ಶೈಲಾಳ ಹಣೆ ನೋಡಿ, “ಅಮ್ಮ ಆಗಿತ್ತೇನ್ರಿ?” ಎಂದರು. “ಹೌದ್ರಿ, ಸಣ್ಣಾಕಿ ಇದ್ದಾಗ,” ಎಂದೆ. ಅದನ್ನು ಹೇಳಲು ನಾಚಿಕೆಯಿಲ್ಲ, ಅದು ದೇವಿಯದು. ಇನ್ನೊಂದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾತು ಮುಗಿದು, ಸೀರೆ ಆರಿಸಲು ನಾನು ನಿಪ್ಪಾಣಿಗೆ ಹೋದೆ. ಹುಡುಗನ ತಾಯಿಯ ಜೊತೆ ಅಂಗಡಿಯಿಂದ ಹೊರಗೆ ಬಂದರೆ ಎದುರಿಗೆ ಅವರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಇನ್ನಷ್ಟು ಬಾಗಿತ್ತು. ಒಂಬತ್ತು ವರ್ಷದ ಮೇಲೆ ನನ್ನನ್ನು ಕಂಡು ಅವರ ಮುಖ ಅರಳಿತು. ಬಾಯಿ ತೆರೆದು ಎರಡು ಹೆಜ್ಜೆ ಮುಂದೆ ಬಂದರು.

ನನ್ನ ಮುಖದಲ್ಲಿ ಏನು ಕಂಡರೋ ಗೊತ್ತಿಲ್ಲ. ಅಲ್ಲೇ ನಿಂತರು. ನನ್ನ ಪಕ್ಕದಲ್ಲಿದ್ದ ಹೆಂಗಸನ್ನೂ ಕೈಯಲ್ಲಿದ್ದ ಸೀರೆಯ ಗಂಟನ್ನೂ ನೋಡಿದರು. ಆಮೇಲೆ ಪರವೂರಿನವರ ಹಾಗೆ ಕೇಳಿದರು.

“ಬಾಯಾರ, ಕೊಲ್ಲಾಪುರದ ಬಸ್ ಎಲ್ಲಿ ನಿಲ್ಲತೈತ್ರಿ?”

ಬಸ್‌ಸ್ಟ್ಯಾಂಡು ಅವರ ಬೆನ್ನ ಹಿಂದೆಯೇ ಇತ್ತು. ನಾನು ಕೈ ಮಾಡಿ ತೋರಿಸಿದೆ. ಉಪಕಾರ ಆತ್ರಿ ಎಂದು ತಿರುಗಿದರು. ಹತ್ತು ಹೆಜ್ಜೆಯೂ ಹೋಗಿರಲಿಲ್ಲ, ಹುಡುಗನ ತಾಯಿ ಕೇಳಿದರು, “ಗುರುತಿನವ್ರೇನ್ರಿ?”

“ಇಲ್ರಿ,” ಎಂದೆ. “ಯಾರೋ ಏನೋ.”

ಅವರಿಗೆ ಕೇಳಿಸಿತು. ಅವರ ಬೆನ್ನು ನನಗೆ ಅದನ್ನು ಹೇಳಿತು.

ಮದುವೆಯ ಪತ್ರಿಕೆಗಳನ್ನು ಬರೆಯುತ್ತಿದ್ದಾಗ ಶೈಲಾ, “ಅವ್ವಾ, ಲ್ಯಾಬ್ ಮಾಮಾನ್ನ ಕರಿಯೂದಿಲ್ಲೇನ?” ಎಂದಳು. ಮದುವೆ ಒಂದು ಮುಗಿಯಲಿ, ಆಮೇಲೆ ನಾನೇ ಹೋಗಿ ಬರುತ್ತೇನೆ ಎಂದೆ. ಮದುವೆ ಮುಗಿಯಿತು. ಮೊದಲ ದೀಪಾವಳಿ ಕಳೆಯಲಿ ಎಂದೆ. ಕಳೆಯಿತು. ಶೈಲಾ ಬಸುರಿಯಾದಳು, ಹೆರಿಗೆಯೊಂದು ಸುಸೂತ್ರವಾಗಲಿ, ಆಗ ಯಾರ ಭಯವೂ ಇಲ್ಲ, ಮೊಮ್ಮಗುವನ್ನೇ ಎತ್ತಿಕೊಂಡು ಮುಂದಿನ ಬಾಗಿಲಿನಿಂದಲೇ ಹೋಗುತ್ತೇನೆ ಎಂದುಕೊಂಡೆ. ಹೆರಿಗೆ ಸುಸೂತ್ರವಾಯಿತು. ಮೊಮ್ಮಗಳು ನಡೆಯತೊಡಗಿದಳು. ಚಿಕ್ಕೋಡಿಗೆ ಹೋದಾಗಲೆಲ್ಲ ನಾನು ಆ ಓಣಿ ತಪ್ಪಿಸಿ ನಡೆಯುತ್ತಿದ್ದೆ. ಇದಕ್ಕೆ ಭಯ ಎನ್ನಲು ಬರುವುದಿಲ್ಲ. ನಾಚಿಕೆ. ಮಾಡಿದ ತಪ್ಪಿನ ಮುಂದೆ ನಿಲ್ಲಲು ನನಗೆ ಆಗಲಿಲ್ಲ.

ಸುದ್ದಿ ಕೇಳಿದ ಮರುದಿನ ಪೌಡರ್ ಡಬ್ಬಿಯಿಂದ ಒಂದು ಮುಷ್ಟಿ ಹುಣಸೆಬೀಜ ತೆಗೆದುಕೊಂಡು ಚಿಕ್ಕೋಡಿಗೆ ಹೋದೆ. ಗಿರಣಿಗೆ ಅಂದು ರಜೆ, ಓಣಿ ಖಾಲಿಯಿತ್ತು. ಹಿಂದಿನ ಬಾಗಿಲಿಗೆ ಹೊಸ ಬೀಗ. ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ನನಗಿಂತ ಚಿಕ್ಕವಳು. ಕೈಯಲ್ಲಿ ಹಿಟ್ಟಿನ ಡಬ್ಬಿ. ನನ್ನನ್ನು ಕಂಡು ಸೆರಗು ಎಳೆದುಕೊಂಡಳು.

“ಗಿರಣಿಗಿ ಬಂದಿದ್ನಿರಿ,” ಎಂದಳು, ನಾನು ಕೇಳದೆ ಇದ್ದರೂ.

“ನಾ ಬಸ್ಸಿಗೆ ನಿಂತೇನ್ರಿ,” ಎಂದೆ. ಆ ಓಣಿಯಲ್ಲಿ ಸೈಕಲ್ಲು ತಿರುಗುವುದೇ ಕಷ್ಟ.

ಅವಳ ಡಬ್ಬಿ ಖಾಲಿಯೆಂದು ಹಿಡಿದ ರೀತಿಯಲ್ಲೇ ತಿಳಿಯುತ್ತಿತ್ತು. ನಾನು ಬಗ್ಗಿ ಬೀಜಗಳನ್ನು ಹೊಸ್ತಿಲ ಮೇಲೆ ಇಟ್ಟೆ. ಅವಳು ಬೀಜಗಳನ್ನೇ ನೋಡುತ್ತ ನಿಂತಳು.

“ನನ್ನ ಮಗಳಿಗೆ ಆಗಿತ್ರಿ,” ಎಂದೆ. “ಆರು ವರ್ಷ ಗುಳಿಗಿ ತಿಂದ್ಳು. ಇವರ ಉಳಿಸಿದ್ರು.” ಇಷ್ಟು ವರ್ಷಗಳಲ್ಲಿ ಆ ಮಾತನ್ನು ನಾನು ಹೊರಗಿನವರೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು.

ಅವಳು ಓಣಿಯ ಎರಡೂ ಕಡೆ ನೋಡಿದಳು. ಆಮೇಲೆ ತೀರ ಸಣ್ಣ ದನಿಯಲ್ಲಿ, “ಮದಿವಿ ಆಗೈತ್ರಿ ಅವರದು?” ಎಂದಳು.

“ಆಗೈತ್ರಿ. ಒಂದ ಕೂಸೂ ಐತಿ.”

“ಹಂಗಾದ್ರ ನೀವು ಇಡಬಹುದ್ರಿ,” ಎಂದಳು. “ನಮ್ಮನ್ಯಾಗೂ ಒಂದ ಡಬ್ಬಿ ತುಂಬ ಅದಾವ. ನನ್ನಾಕೀ ಮದಿವಿ ಇನ್ನೂ ಆಗಿಲ್ಲ.”

ಖಾಲಿ ಡಬ್ಬಿಯನ್ನು ಸೊಂಟಕ್ಕೆ ಎತ್ತಿಕೊಂಡು, ತುಂಬಿದ ಡಬ್ಬಿಯ ಭಾರಕ್ಕೆ ಬಾಗಿದವಳಂತೆ ಬಾಗಿ, ಅವಳು ಓಣಿಯ ತಿರುವು ದಾಟಿ ಹೋದಳು.